ಎರಡನೇ ಸಲ ಬಂದವರನ್ನು ಹೊಸಬರಂತೆ ನೋಡಿ: ಬೆನ್ನು ನೋವು ನೋಡುವ ವೈದ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ವೈದ್ಯರೇ,

ಬೆನ್ನು ನೋವು ಅಂತ ಬಂದವರನ್ನು ಮೊದಲು ನೋಡುವವರು ನೀವು. ಮೂಳೆ ತಜ್ಞರ ಹತ್ತಿರ, ನರ ತಜ್ಞರ ಹತ್ತಿರ ಕಳಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರೂ ನೀವೇ. ಅದಕ್ಕೇ ಈ ಪತ್ರ ನಿಮಗೆ. ಯಾರಿಗೆ ಯಾವ ಪರೀಕ್ಷೆ ಮಾಡಿಸಬೇಕು ಅಂತ ನಿಮಗೆ ಮಾರ್ಗಸೂಚಿ ಬರೆದುಕೊಡುವವರಿದ್ದಾರಲ್ಲ, ಅವರೂ ಓದಲಿ.

ನನಗೆ ಆಗ 42 ವರ್ಷ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ಯಾವತ್ತೂ ಆಪರೇಷನ್ ಆಗಿದ್ದಿಲ್ಲ. ವಾರಕ್ಕೆ ನಾಲ್ಕು ದಿನ ಓಡುತ್ತಿದ್ದೆ. ಏಳು ವಾರದಲ್ಲಿ ನಾಲ್ಕು ಜನ ವೈದ್ಯರಿಗೆ ನಾಲ್ಕು ಸಲ ಬೆನ್ನು ತೋರಿಸಿದೆ. ಐದನೆಯವರು ಬೆನ್ನುಮೂಳೆಗೆ ಸೋಂಕು ತಗಲಿ ಕೀವು ಕಟ್ಟಿದೆ ಅಂತ ಕಂಡುಹಿಡಿದರು.

ಯಾರ ಹೆಸರನ್ನೂ ಹೇಳಲ್ಲ. ನಾಲ್ಕೂ ಜನ ಒಳ್ಳೆಯವರೇ. ಯಾರೂ ಗದರಲಿಲ್ಲ, ಯಾರೂ ಎದ್ದು ಹೋಗು ಅನ್ನಲಿಲ್ಲ. ಮೊದಲನೆಯವರು ಬಗ್ಗಿಸಿ, ಕಾಲು ಎತ್ತಿಸಿ, ಮೊಣಕಾಲಿಗೆ ತಟ್ಟಿ ನೋಡಿ, ಸ್ನಾಯು ಎಳೆದುಕೊಂಡಿದೆ ಅಂತ ಹೇಳಿ ನೋವಿನ ಮಾತ್ರೆ ಕೊಟ್ಟರು. ಫೈಲಿನಲ್ಲಿ 'ಮೆಕ್ಯಾನಿಕಲ್ ಬೆನ್ನು ನೋವು', ಅಂದರೆ ಸ್ನಾಯು ಕೀಲುಗಳ ಎಳೆತದಿಂದ ಬಂದ ನೋವು ಅಂತ ಬರೆದರು. ಅವತ್ತಿನ ಮಟ್ಟಿಗೆ ಅದು ತಪ್ಪಲ್ಲ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಬರೆಯುತ್ತಿದ್ದೆ.

ತೊಂದರೆ ಶುರುವಾಗಿದ್ದು ಆಮೇಲೆ. ಎರಡನೆಯವರು ನನ್ನ ಮುಖ ನೋಡುವ ಮೊದಲು ಫೈಲ್ ನೋಡಿದರು. ಅದರಲ್ಲಿ ಇದ್ದದ್ದನ್ನೇ ಕೆಳಗೆ ಇನ್ನೊಂದು ಸಲ ಬರೆದರು, ಮಾತ್ರೆಯ ಶಕ್ತಿ ಜಾಸ್ತಿ ಮಾಡಿದರು. ಮೂರನೆಯವರು ಅದೇ ಮಾತಿನ ಪಕ್ಕ 'ಗುಣವಾಗುತ್ತಿಲ್ಲ' ಅಂತ ಸೇರಿಸಿ ಎಕ್ಸ್‌ರೇ ತೆಗೆಸಿದರು, ಎಕ್ಸ್‌ರೇ ಚೆನ್ನಾಗಿದೆ ಅಂದರು. ನಾಲ್ಕನೆಯವರು ಫಿಸಿಯೋಥೆರಪಿಗೆ ಬರೆದು, ಯಾವುದಕ್ಕೂ ಇರಲಿ ಅಂತ ಐದು ದಿನಕ್ಕೆ ಆ್ಯಂಟಿಬಯಾಟಿಕ್ ಕೊಟ್ಟರು. ಆ ಐದು ದಿನದ ಮಾತ್ರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಂದರೆ ನನ್ನನ್ನು ನಾಲ್ಕು ಜನ ನೋಡಿದರು ಅನ್ನೋದು ಲೆಕ್ಕಕ್ಕೆ ಮಾತ್ರ. ನಿಜವಾಗಿ ಯೋಚನೆ ಮಾಡಿದ್ದು ಮೊದಲನೆಯವರು. ಉಳಿದವರು ಅವರ ಯೋಚನೆಯನ್ನು ಓದಿದರು.

ನಿಮ್ಮ ಕಷ್ಟ ನನಗೆ ಅರ್ಥ ಆಗಲ್ಲ ಅಂದುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಬೇರೆ ಕೆಲಸ ಇರಲಿಲ್ಲ, ಓದಿದೆ. 2020ರಲ್ಲಿ ಜಗತ್ತಿನಲ್ಲಿ ಸೊಂಟ ನೋವು ಇದ್ದವರು ಸುಮಾರು 61.9 ಕೋಟಿ ಜನ. ಸೊಂಟ ನೋವು ಅಂತ ಮೊದಲ ಹಂತದ ವೈದ್ಯರ ಹತ್ತಿರ ಬರುವವರಲ್ಲಿ ಸೋಂಕು ಇರೋದು ಹತ್ತು ಸಾವಿರಕ್ಕೆ ಒಬ್ಬರಿಗೆ ಅನ್ನುವುದು ವೈದ್ಯರು ಬಹಳ ವರ್ಷದಿಂದ ಹೇಳಿಕೊಂಡು ಬಂದಿರುವ ಅಂದಾಜು. ಉಳಿದ 9,999 ಜನರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗೇ ಸರಿಹೋಗುತ್ತಾರೆ, ನೀವು ಏನೂ ಮಾಡದಿದ್ದರೂ. ಹಾಗಿರುವಾಗ ಬಂದವರಿಗೆಲ್ಲ ಎಂಆರ್‌ಐ ಮಾಡಿಸಿ ಅಂತ ಕೇಳುವುದು ಹುಚ್ಚುತನ. ಅದರಿಂದ ಹಾನಿಯೂ ಇದೆ. 1994ರಲ್ಲಿ ಬೆನ್ನು ನೋವೇ ಇಲ್ಲದ 98 ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ನೋಡಿದರು. ಅರ್ಧಕ್ಕೂ ಜಾಸ್ತಿ ಜನರಲ್ಲಿ ಒಂದಾದರೂ ಡಿಸ್ಕ್, ಅಂದರೆ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ, ಉಬ್ಬಿಕೊಂಡಿತ್ತು. ಸುಮ್ನೆ ಸ್ಕ್ಯಾನ್ ಮಾಡುತ್ತಾ ಹೋದರೆ ಇಲ್ಲದ ಕಾಯಿಲೆಗಳೆಲ್ಲ ಹುಟ್ಟಿಕೊಳ್ಳುತ್ತವೆ, ಅಲ್ವಾ?

ಹಾಗಾಗಿ ನಾನು ಎಂಆರ್‌ಐ ಕೇಳುತ್ತಿಲ್ಲ. ಕೇಳುತ್ತಿರುವುದು ಇಷ್ಟೇ. ಅದೇ ನೋವು ಹೊತ್ತುಕೊಂಡು ಎರಡನೇ ಸಲ ಬಂದ ಮನುಷ್ಯನನ್ನು, ಮೊದಲ ಫೈಲ್ ಮುಚ್ಚಿಟ್ಟು, ಹೊಸಬರಂತೆ ನೋಡಿ. ನಾಲ್ಕು ಪ್ರಶ್ನೆ ಕೇಳಿ, ಬೆನ್ನ ಮೇಲೆ ಒಂದು ಸಲ ಕೈ ಆಡಿಸಿ, ಒಂದು ಸಣ್ಣ ರಕ್ತ ಪರೀಕ್ಷೆ ಬರೆಯಿರಿ.

ಈಗ ನೋವಿನ ವಿಷಯ. ಸ್ನಾಯು ಎಳೆದುಕೊಂಡಾಗ ಆಗುವ ನೋವು ನನಗೆ ಗೊತ್ತು. ಓಡುವವರಿಗೆಲ್ಲ ಗೊತ್ತಿರುತ್ತದೆ. ಅದಕ್ಕೊಂದು ನ್ಯಾಯ ಇರುತ್ತದೆ. ಬಗ್ಗಿದರೆ ನೋಯುತ್ತದೆ, ಮಲಗಿದರೆ ಬಿಡುತ್ತದೆ, ನಾಲ್ಕು ದಿನ ಕಳೆದ ಮೇಲೆ ನಿನ್ನೆಗಿಂತ ಇವತ್ತು ವಾಸಿ ಅನ್ನಿಸುತ್ತದೆ. ಇದು ಹಾಗಿರಲಿಲ್ಲ. ಮಲಗಿದಾಗಲೇ ಜಾಸ್ತಿ. ಹಗಲು ಹೇಗೋ ಓಡಾಡಿಕೊಂಡಿದ್ದವನಿಗೆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಸೊಂಟದ ಮಧ್ಯದಲ್ಲಿ, ಬೆರಳಿಟ್ಟು ತೋರಿಸಬಹುದಾದಂಥ ಒಂದೇ ಜಾಗದಲ್ಲಿ, ಆಳದಿಂದ ಕೊರೆಯಲು ಶುರುವಾಗುತ್ತಿತ್ತು. ಮಗ್ಗುಲು ಬದಲಾಯಿಸಬೇಕಾದರೆ ಮೊದಲು ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕು, ಮೊಣಕಾಲು ಮಡಚಬೇಕು, ಉಸಿರು ಕಟ್ಟಬೇಕು, ಆಮೇಲೆ ಹೆಗಲು ಸೊಂಟ ಎರಡನ್ನೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ ಉರುಳಿಸಬೇಕು. ಸ್ವಲ್ಪ ಹೆಚ್ಚುಕಮ್ಮಿ ಆದರೆ ಬೆನ್ನಿನ ಸ್ನಾಯುಗಳೆಲ್ಲ ಗಟ್ಟಿಯಾಗಿ ಹಿಡಿದುಕೊಂಡು ಬಿಡುತ್ತಿದ್ದವು. ಕೆಮ್ಮು ಬಂದರೆ ಕಣ್ಣಲ್ಲಿ ನೀರು. ಐದನೇ ವಾರಕ್ಕೆ ನಾನು ಕುರ್ಚಿಯ ಮೇಲೆ ಕೂತೇ ನಿದ್ದೆ ಮಾಡುತ್ತಿದ್ದೆ.

ಇದನ್ನು ನಾನು ನಿಮಗೆ ಹೇಳಲಿಲ್ಲವಾ? ಹೇಳಿದೆ, ಆದರೆ 'ರಾತ್ರಿ ಜಾಸ್ತಿ ನೋವು' ಅಂತ ಎರಡೇ ಮಾತಲ್ಲಿ ಹೇಳಿದೆ. ಎಲ್ಲರೂ ಹಾಗೇ ಹೇಳುತ್ತಾರೆ. ಯಾರಾದರೂ 'ಮಗ್ಗುಲು ಹೇಗೆ ಬದಲಾಯಿಸುತ್ತೀರಿ, ಮಲಗಿ ತೋರಿಸಿ' ಅಂದಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಇನ್ನು ಜ್ವರ. ನಾಲ್ಕೂ ಕಡೆ ಕೇಳಿದರು, 'ಜ್ವರ ಇದೆಯಾ?' ಇಲ್ಲ ಅಂದೆ. ಎರಡು ಕಡೆ ಥರ್ಮಾಮೀಟರ್ ಇಟ್ಟರು, ಸರಿಯಾಗೇ ಇತ್ತು. ಫೈಲಿನಲ್ಲಿ 'ಜ್ವರ ಇಲ್ಲ' ಅಂತ ಸೇರಿತು. ಅಲ್ಲಿಗೆ ಸೋಂಕಿನ ಮಾತೇ ಮುಗಿಯಿತು.

ಆದರೆ ನಾನು ದಿನಕ್ಕೆ ಮೂರು ಹೊತ್ತು ನೋವಿನ ಮಾತ್ರೆ ನುಂಗುತ್ತಿದ್ದೆ, ನೀವೇ ಬರೆದುಕೊಟ್ಟದ್ದು. ಪ್ಯಾರಾಸಿಟಮಾಲ್ ಆಗಲಿ, ಡೈಕ್ಲೋಫೆನಾಕ್, ಐಬುಪ್ರೊಫೆನ್ ಆಗಲಿ, ಎಲ್ಲವೂ ನೋವಿನ ಜೊತೆಗೆ ಜ್ವರವನ್ನೂ ಇಳಿಸುವ ಮಾತ್ರೆಗಳೇ. ಕ್ಲಿನಿಕ್ಕಿಗೆ ಹೊರಡುವ ಮೊದಲು, ಕುರ್ಚಿಯಲ್ಲಿ ಕೂರಲು ಆಗಲಿ ಅಂತ ಒಂದು ಹೆಚ್ಚಿಗೆ ನುಂಗಿ ಬರುತ್ತಿದ್ದೆ. ಹಾಗೆ ಬಂದವನ ಬಾಯಲ್ಲಿ ಥರ್ಮಾಮೀಟರ್ ಇಟ್ಟರೆ ಅದು ಅಳೆಯುವುದು ನನ್ನ ಮೈಯ ಬಿಸಿಯನ್ನಲ್ಲ, ಮಾತ್ರೆಯ ಕೆಲಸವನ್ನು. ನನ್ನ ಅಕ್ಕ ಒಂದು ಬೆಳಗ್ಗೆ ಹಾಸಿಗೆ ಮುಟ್ಟಿ ನೋಡಿ, 'ಇದೇನೋ ಇದು, ಬೆಡ್‌ಶೀಟ್ ಒದ್ದೆ ಇದೆ' ಅಂದಿದ್ದಳು. ನೋವಿಗೆ ಬೆವತಿದ್ದು ಅಂದೆ. ಇಬ್ಬರೂ ಅದನ್ನು ನಂಬಿದೆವು.

ಮಾತ್ರೆ ಬಿಡಿ, ಬೆನ್ನುಮೂಳೆಯ ಈ ಸೋಂಕಿನಲ್ಲಿ ಜ್ವರವೇ ಇಲ್ಲದವರು ಬಹಳ ಜನ. ಅರ್ಧದಷ್ಟು ಜನರಿಗೆ ಜ್ವರ ಇರುವುದಿಲ್ಲ ಅಂತಲೇ ಲೆಕ್ಕ. ಜ್ವರ ಇದ್ದರೆ ಸೋಂಕು ಅನುಮಾನಿಸಿ ಅನ್ನುವುದು ಸರಿ. ಜ್ವರ ಇಲ್ಲ, ಹಾಗಾಗಿ ಸೋಂಕು ಇಲ್ಲ ಅನ್ನುವುದು ಬೇರೆಯೇ ಮಾತು, ಅದು ಸರಿಯಲ್ಲ. ದಯವಿಟ್ಟು ಥರ್ಮಾಮೀಟರ್ ಇಡುವ ಮೊದಲು 'ಕೊನೆಯ ಮಾತ್ರೆ ಯಾವಾಗ ತಗೊಂಡ್ರಿ' ಅಂತ ಕೇಳಿ. ಉತ್ತರವನ್ನು ಜ್ವರದ ಅಂಕಿಯ ಪಕ್ಕದಲ್ಲೇ ಬರೆದಿಡಿ.

ನನ್ನನ್ನು ಸಿಕ್ಕಿಸಿ ಹಾಕಿದ ಇನ್ನೊಂದು ಮಾತು 'ಆರೋಗ್ಯವಂತ'. ನಿಮ್ಮ ಪಟ್ಟಿಗಳಲ್ಲಿ ಯಾರನ್ನು ಅನುಮಾನಿಸಬೇಕು ಅಂತ ಬರೆದಿರುತ್ತದೆ: ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ರಕ್ತನಾಳಕ್ಕೆ ಮಾದಕ ವಸ್ತು ಚುಚ್ಚಿಕೊಳ್ಳುವವರು, ಬೆನ್ನಿಗೆ ಆಪರೇಷನ್ ಆದವರು, ವಯಸ್ಸಾದವರು. ಇವರಿಗೆ ಅಪಾಯ ಜಾಸ್ತಿ ಅನ್ನುವುದು ನಿಜ. ಆದರೆ ಪಟ್ಟಿಯಲ್ಲಿ ಇಲ್ಲದವರಿಗೆ ಬರುವುದೇ ಇಲ್ಲ ಅಂತ ಆ ಪಟ್ಟಿ ಹೇಳುವುದಿಲ್ಲವಲ್ಲ. ನನ್ನ ಪ್ರತಿ 'ಇಲ್ಲ' ಉತ್ತರಕ್ಕೂ ನಿಮ್ಮ ಮುಖ ಸ್ವಲ್ಪ ಸ್ವಲ್ಪ ಹಗುರಾಗುವುದನ್ನು ನಾನೇ ನೋಡಿದ್ದೇನೆ. ಕೊನೆಗೆ 'ನೀವು ಓಡ್ತೀರಲ್ಲ, ಅದಕ್ಕೇ' ಅಂದರು ಒಬ್ಬರು. ಓಡುವ ಮನುಷ್ಯನಿಗೆ ಬೆನ್ನು ನೋವು ಬಂದರೆ ಓಡಿದ್ದೇ ಕಾರಣ, ಓಡದವನಿಗೆ ಬಂದರೆ ಓಡದಿರುವುದೇ ಕಾರಣ. ಈ ಲೆಕ್ಕದಲ್ಲಿ ಸೋಂಕಿಗೆ ಜಾಗ ಎಲ್ಲಿದೆ ಹೇಳಿ!

ಐದನೆಯವರ ಹತ್ತಿರ ನಾನಾಗಿ ಹೋಗಿದ್ದಲ್ಲ, ಅಕ್ಕ ಎಳೆದುಕೊಂಡು ಹೋದಳು. ತುರ್ತು ಚಿಕಿತ್ಸೆಯ ಕೋಣೆ, ನಡುರಾತ್ರಿ. ಬಂದವರು ಇನ್ನೂ ಕಲಿಯುತ್ತಿದ್ದ ವೈದ್ಯೆ, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ತಲೆ ಬಾಚಿಕೊಂಡು ಎಷ್ಟು ಹೊತ್ತಾಗಿತ್ತೋ. ಫೈಲ್ ಕೊಡಲು ಹೋದೆ. 'ಆಮೇಲೆ ನೋಡ್ತೀನಿ, ಮೊದಲು ನೀವು ಹೇಳಿ' ಅಂದರು. ಅಂಗಿ ಎತ್ತಿಸಿ, ಮುಂದಕ್ಕೆ ಬಾಗಿ ಕೂರಿಸಿ, ಕತ್ತಿನ ಕೆಳಗಿನಿಂದ ಶುರುಮಾಡಿ ಮುಷ್ಟಿಯಿಂದ ಒಂದೊಂದೇ ಮಣಿಯ ಮೇಲೆ ಮೆಲ್ಲಗೆ ಗುದ್ದುತ್ತಾ ಬಂದರು. ಬಾಗಿಲು ತಟ್ಟುವಾಗ ಎಷ್ಟು ಜೋರಿರುತ್ತದೋ ಅಷ್ಟೇ. ಕತ್ತು, ಬೆನ್ನು, ನಡು, ಏನೂ ಇಲ್ಲ. ಸೊಂಟದ ಮೇಲೆ ಒಂದು ಜಾಗಕ್ಕೆ ಬಂದಾಗ ನಾನು ಮಂಚ ಬಿಟ್ಟು ಹಾರಿದೆ. ಅವರು ಕೈ ತೆಗೆದರು. 'ಇಲ್ಲೇ ಅಲ್ವಾ' ಅಂದರು, ನನಗಲ್ಲ, ತಮಗೇ ಅನ್ನುವ ಹಾಗೆ. ಆಮೇಲೆ ಕೇಳಿದರು: 'ಎರಡು ಮೂರು ತಿಂಗಳಲ್ಲಿ ಮೈ ಮೇಲೆ ಎಲ್ಲಾದರೂ ಕುರು, ಗಾಯ, ಹಲ್ಲಿನ ತೊಂದರೆ, ಉರಿಮೂತ್ರ, ಡ್ರಿಪ್ ಹಾಕಿಸಿಕೊಂಡಿದ್ದು, ಏನಾದರೂ?'

ಕುರು! ತೊಡೆಯ ಒಳಗಡೆ, ನಿಂಬೆ ಬೀಜದಷ್ಟು ಶುರುವಾಗಿ ಅಡಿಕೆಯಷ್ಟಾಗಿತ್ತು. ಓಡುವಾಗ ಬಟ್ಟೆ ಉಜ್ಜಿ ಆಗಿದ್ದು ಅಂದುಕೊಂಡಿದ್ದೆ. ತಾನಾಗೇ ಒಡೆದು, ಒಣಗಿ, ಕಂದು ಕಲೆ ಉಳಿದಿತ್ತು. ಬೆನ್ನು ನೋವು ಶುರುವಾಗುವುದಕ್ಕೆ ಮೂರು ವಾರ ಮೊದಲಿನ ಮಾತು. ತೊಡೆಯ ಕುರುವಿಗೂ ಸೊಂಟಕ್ಕೂ ಸಂಬಂಧ ಇರಬಹುದು ಅಂತ ನನಗೆ ಹೇಗೆ ಹೊಳೆಯಬೇಕು? ಕೇಳದೆ ಇದ್ದರೆ ಯಾವ ರೋಗಿಯೂ ಹೇಳುವುದಿಲ್ಲ.

ಸಂಬಂಧ ಹೀಗಿದೆ. ಇದನ್ನು ನಿಮಗಲ್ಲ, ಈ ಪತ್ರ ಓದುತ್ತಿರುವ ಉಳಿದವರಿಗೆ ಹೇಳುತ್ತಿದ್ದೇನೆ. ಸ್ಟೆಫಿಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ ಸುಮಾರು ಹತ್ತರಲ್ಲಿ ಮೂರು ಜನರ ಮೂಗಿನೊಳಗೆ ಸುಮ್ಮನೆ ಇರುತ್ತದೆ, ತೊಂದರೆ ಕೊಡದೆ. ಚರ್ಮ ಬಿರಿದ ಕಡೆ ನುಗ್ಗಿದರೆ ಕುರು ಏಳಿಸುತ್ತದೆ. ಅಲ್ಲಿಂದ ಅಪರೂಪಕ್ಕೆ ರಕ್ತಕ್ಕೆ ಇಳಿಯುತ್ತದೆ. ಬೆನ್ನುಮೂಳೆಯ ಮಣಿಗಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಆದರೆ ಮಣಿಯ ಅಂಚಿನ ನಾಳಗಳು ತೀರಾ ಸಣ್ಣವು, ಅಲ್ಲಿ ಹರಿವು ನಿಧಾನ. ಬ್ಯಾಕ್ಟೀರಿಯಾ ಅಲ್ಲಿ ತಂಗುತ್ತದೆ. ಒಂದೇ ರಕ್ತನಾಳ ಕವಲೊಡೆದು ಮೇಲಿನ ಮಣಿಯ ತಳಕ್ಕೂ ಕೆಳಗಿನ ಮಣಿಯ ತಲೆಗೂ ಹೋಗುವುದರಿಂದ ಸೋಂಕು ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಮಣಿ ಹಾಗೂ ನಡುವಿನ ಡಿಸ್ಕ್ ಮೂರನ್ನೂ ಒಟ್ಟಿಗೆ ಹಿಡಿಯುತ್ತದೆ. ದೊಡ್ಡವರ ಡಿಸ್ಕಿಗೆ ಸ್ವಂತ ರಕ್ತನಾಳ ಇಲ್ಲವೇ ಇಲ್ಲ ಅನ್ನಬಹುದು. ಬ್ಯಾಕ್ಟೀರಿಯಾ ಡಿಸ್ಕಿನೊಳಗೆ ಸೇರಿಕೊಂಡರೆ ಅದನ್ನು ಹೊಡೆಯಲು ಬಿಳಿ ರಕ್ತಕಣಗಳೂ ಕಷ್ಟಪಟ್ಟು ಹೋಗಬೇಕು, ಔಷಧಿಯೂ ಕಷ್ಟಪಟ್ಟು ಹೋಗಬೇಕು. ಇದಕ್ಕೆ ಸ್ಪಾಂಡಿಲೋಡಿಸೈಟಿಸ್ ಅನ್ನುತ್ತಾರೆ. ನಾನು ಈ ಹೆಸರನ್ನು ತಪ್ಪಿಲ್ಲದೆ ಹೇಳಲು ಒಂದು ವಾರ ಬೇಕಾಯಿತು.

ಆ ರಾತ್ರಿ ವೈದ್ಯೆ ಬರೆದದ್ದು ಎರಡು ರಕ್ತ ಪರೀಕ್ಷೆ, ಇಎಸ್‌ಆರ್ ಮತ್ತು ಸಿಆರ್‌ಪಿ. ಇಎಸ್‌ಆರ್ ನೂರು ವರ್ಷಕ್ಕೂ ಹಳೆಯ ಪರೀಕ್ಷೆ. ಸಣ್ಣ ಕೊಳವೆಯಲ್ಲಿ ರಕ್ತ ತುಂಬಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗೆ ಕೂತವು ಅಂತ ನೋಡುವುದು. ಅಷ್ಟೇ. ನನ್ನದು 92 ಬಂತು, 20ರ ಒಳಗೆ ಇರಬೇಕಾದ್ದು. ಸಿಆರ್‌ಪಿ ಅನ್ನುವುದು ಮೈಯಲ್ಲಿ ಉರಿಯೂತ ಆದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನು. ಸಿಆರ್‌ಪಿಯೂ ಏರಿತ್ತು. ಬಿಳಿ ರಕ್ತಕಣದ ಎಣಿಕೆ ಮಾತ್ರ ಸರಿಯಾಗೇ ಇತ್ತು. ಈ ಸೋಂಕಿನಲ್ಲಿ ಅದು ಎಷ್ಟೋ ಸಲ ಸರಿಯಾಗೇ ಇರುತ್ತದಂತೆ, ಅದೊಂದನ್ನೇ ನೋಡಿ ಬಿಟ್ಟರೆ ಮೋಸ ಹೋದ ಹಾಗೇ. ಈ ಎರಡು ಪರೀಕ್ಷೆ ಬೇರೆ ನೂರು ಕಾರಣಕ್ಕೂ ಏರುತ್ತವೆ, ಒಪ್ಪುತ್ತೇನೆ. ಆದರೆ ಬೆನ್ನುಮೂಳೆಗೆ ಸೋಂಕಾದವರಲ್ಲಿ ಬಹುಪಾಲು ಜನರಲ್ಲಿ ಏರಿರುತ್ತವೆ, ಅದು ಮುಖ್ಯ. ಅಮೆರಿಕದ ಸೋಂಕುರೋಗ ತಜ್ಞರ ಸಂಘ 2015ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಇದೆ: ಹೊಸದಾಗಿ ಬಂದ ಅಥವಾ ಜಾಸ್ತಿಯಾಗುತ್ತಿರುವ ಬೆನ್ನು ನೋವಿನ ಜೊತೆ ಜ್ವರ ಇದ್ದರೆ, ಇಲ್ಲವೇ ಇಎಸ್‌ಆರ್ ಅಥವಾ ಸಿಆರ್‌ಪಿ ಏರಿದ್ದರೆ, ಸೋಂಕು ಇರಬಹುದಾ ಅಂತ ಯೋಚಿಸಿ ಅಂತ. ಏರಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಯಾರಾದರೂ ಮಾಡಿಸಬೇಕಲ್ಲ ಸ್ವಾಮಿ. ನನ್ನ ನಾಲ್ಕು ಭೇಟಿಯಲ್ಲಿ ಒಂದು ಹನಿ ರಕ್ತ ತೆಗೆದಿರಲಿಲ್ಲ.

ಎಕ್ಸ್‌ರೇ ತೆಗೆಸಿದ್ದರಲ್ಲ ಅಂತ ನೀವು ಕೇಳಬಹುದು. ಮೂಳೆ ಒಂದಷ್ಟು ಸವೆದ ಮೇಲೆ ಮಾತ್ರ ಎಕ್ಸ್‌ರೇಯಲ್ಲಿ ಕಾಣುವುದು. ಅದಕ್ಕೆ ವಾರಗಟ್ಟಲೆ ಬೇಕು. ಮೊದಮೊದಲ ಎಕ್ಸ್‌ರೇ ಚೆನ್ನಾಗಿದೆ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಎಂಆರ್‌ಐ ಇದನ್ನು ಬೇಗ ಹಿಡಿಯುತ್ತದೆ. ಮರುದಿನ ಬೆಳಗ್ಗೆ ನನಗೆ ಮಾಡಿದರು, ಅಂಗಾತ ಮಲಗಿ ಅಲ್ಲಾಡದೆ ನಲವತ್ತು ನಿಮಿಷ. ಆ ನಲವತ್ತು ನಿಮಿಷದ ಬಗ್ಗೆ ಬರೆಯಲು ಇಷ್ಟ ಇಲ್ಲ. ಚಿತ್ರದಲ್ಲಿ ಸೊಂಟದ ಮೂರನೇ ಮತ್ತು ನಾಲ್ಕನೇ ಮಣಿಗಳು, ನಡುವಿನ ಡಿಸ್ಕ್, ಮೂರೂ ಒಂದೇ ಬೆಳಕಿನ ಮುದ್ದೆಯಾಗಿದ್ದವು.

ಈಗ ಆ ಐದು ದಿನದ ಮಾತ್ರೆಗೆ ಬರುತ್ತೇನೆ. ಸೋಂಕು ಅಂತ ಗೊತ್ತಾಯಿತಲ್ಲ, ತಕ್ಷಣ ಔಷಧಿ ಶುರುಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ! ನೋವಿನಲ್ಲಿ ಒದ್ದಾಡುತ್ತಿರುವವನಿಗೆ ಎದುರು ನಿಂತು 'ಇವತ್ತು ಕೊಡಲ್ಲ' ಅಂದರು. ಅಕ್ಕ ಜಗಳಕ್ಕೇ ನಿಂತಳು. ಕಾರಣ ಆಮೇಲೆ ಅರ್ಥ ಆಯಿತು. ಯಾವ ಬ್ಯಾಕ್ಟೀರಿಯಾ ಅಂತ ಮೊದಲು ತಿಳಿಯಬೇಕು. ಬಹಳ ಸಲ ಸ್ಟೆಫಿಲೊಕಾಕಸ್ ಆರಿಯಸ್ಸೇ ಇರುತ್ತದೆ, ಆದರೆ ಕರುಳು ಮೂತ್ರದ ಕಡೆಯ ಇ. ಕೋಲೈ ಇರಬಹುದು, ಹಲ್ಲಿನ ಕಡೆಯ ಸ್ಟ್ರೆಪ್ಟೊಕಾಕಸ್ ಇರಬಹುದು, ಕಾಯಿಸದ ಹಾಲಿನಿಂದ ಬರುವ ಬ್ರುಸೆಲ್ಲಾ ಇರಬಹುದು, ಕ್ಷಯದ ಬ್ಯಾಕ್ಟೀರಿಯಾ ಇರಬಹುದು. ಬೆನ್ನುಮೂಳೆಯ ಕ್ಷಯವನ್ನು ಪರ್ಸಿವಲ್ ಪಾಟ್ ಅನ್ನುವ ಇಂಗ್ಲೆಂಡಿನ ಶಸ್ತ್ರವೈದ್ಯ 1779ರಲ್ಲೇ ವಿವರಿಸಿದ್ದ, ಈಜಿಪ್ಟಿನ ಮಮ್ಮಿಗಳಲ್ಲೂ ಅದರ ಗುರುತು ಸಿಕ್ಕಿದೆ. ಒಂದೊಂದಕ್ಕೂ ಔಷಧಿ ಬೇರೆ, ಕಾಲ ಬೇರೆ. ಕೆಲವಕ್ಕೆ ವಾರಗಳು, ಕ್ಷಯಕ್ಕೆ ತಿಂಗಳುಗಳು. ಊಹೆಯ ಮೇಲೆ ಶುರುಮಾಡಿದರೆ ಬ್ಯಾಕ್ಟೀರಿಯಾ ಅರೆಜೀವವಾಗಿ ಕಲ್ಚರಿನಲ್ಲಿ, ಅಂದರೆ ಲ್ಯಾಬಿನಲ್ಲಿ ಅದನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬೆಳೆಯದೆ ಹೋಗಬಹುದು, ಆದರೆ ಮೂಳೆಯೊಳಗೆ ಬದುಕಿರುತ್ತದೆ. ಕೈಕಾಲಿನ ಶಕ್ತಿ ಕುಂದುತ್ತಿಲ್ಲ, ಸೋಂಕು ಮೈಯೆಲ್ಲ ಹರಡಿ ಬಿಪಿ ಬೀಳುತ್ತಿಲ್ಲ ಅಂದರೆ ಮಾದರಿ ಸಿಗುವ ತನಕ ಕಾಯುವುದೇ ಸರಿ.

ನನಗೆ ಯಾವುದಕ್ಕೂ ಇರಲಿ ಅಂತ ಕೊಟ್ಟಿದ್ದ ಐದು ದಿನದ ಮಾತ್ರೆ ಇಲ್ಲಿ ಅಡ್ಡ ಬಂತು. ಎರಡು ಸಲ ತೆಗೆದ ರಕ್ತದಲ್ಲಿ ಏನೂ ಬೆಳೆಯಲಿಲ್ಲ. ಕೊನೆಗೆ ಸಿಟಿ ಸ್ಕ್ಯಾನಿನಲ್ಲಿ ನೋಡಿಕೊಂಡು ಬೆನ್ನಿನಿಂದ ಉದ್ದ ಸೂಜಿ ತೂರಿಸಿ ಡಿಸ್ಕಿನ ಚೂರು ತೆಗೆಯಬೇಕಾಯಿತು. ಮರಗಟ್ಟಿಸಿದ್ದರು, ಚರ್ಮ ನೋಯಲಿಲ್ಲ, ಆದರೆ ಸೂಜಿ ಮೂಳೆಗೆ ತಾಗಿದಾಗ ಕಿರ್ ಅಂತ ಒಳಗಿನಿಂದಲೇ ಕೇಳಿಸಿತು. ಮೂರನೇ ದಿನ ಸ್ಟೆಫಿಲೊಕಾಕಸ್ ಆರಿಯಸ್ ಬೆಳೆಯಿತು. ನನ್ನ ಅದೃಷ್ಟ, ಹೀಗೆ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲೂ ಬ್ಯಾಕ್ಟೀರಿಯಾ ಸಿಗದವರು ಬಹಳ ಜನ ಇದ್ದಾರೆ. ಈ ಬ್ಯಾಕ್ಟೀರಿಯಾ ರಕ್ತದಲ್ಲಿ ಓಡಾಡಿದ್ದರೆ ಹೃದಯದ ಕವಾಟಕ್ಕೂ ಅಂಟಿಕೊಂಡಿರಬಹುದು ಅಂತ ಎಕೋ ಅನ್ನುವ ಹೃದಯದ ಸ್ಕ್ಯಾನ್ ಮಾಡಿದರು. ಅಲ್ಲಿ ಏನೂ ಇರಲಿಲ್ಲ.

ಬೆನ್ನು ನೋವಿಗೆ ಕಾರಣ ಗೊತ್ತಿಲ್ಲದೆ ಆ್ಯಂಟಿಬಯಾಟಿಕ್ ಬರೆಯಬೇಡಿ. ಸೋಂಕು ಅಂತ ಅನುಮಾನ ಇದ್ದರೆ ಮೊದಲು ರಕ್ತ ತೆಗೆದು ಕಲ್ಚರಿಗೆ ಕಳಿಸಿ. ಅನುಮಾನ ಇಲ್ಲದಿದ್ದರೆ ಆ ಮಾತ್ರೆಗೆ ಅಲ್ಲೇನು ಕೆಲಸ? ಸ್ಟೆರಾಯ್ಡ್ ವಿಷಯದಲ್ಲೂ ಅದೇ ಮಾತು. ನೋವು ಎರಡು ದಿನ ಇಳಿದಂತೆ ಕಾಣುತ್ತದೆ, ಒಳಗೆ ಸೋಂಕಿಗೆ ಬಾಗಿಲು ತೆಗೆದಿಟ್ಟ ಹಾಗಾಗುತ್ತದೆ.

ಚಿಕಿತ್ಸೆ ಬಗ್ಗೆ ಜಾಸ್ತಿ ಹೇಳಲ್ಲ, ಅದು ಚೆನ್ನಾಗೇ ನಡೆಯಿತು. ಆರು ವಾರ. ಮೊದಲೆಲ್ಲ ಮೂರು ತಿಂಗಳು ಕೊಡುತ್ತಿದ್ದರಂತೆ. 2015ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ 351 ಜನರಲ್ಲಿ ಅರ್ಧದಷ್ಟು ಜನರಿಗೆ ಆರು ವಾರ, ಉಳಿದವರಿಗೆ ಹನ್ನೆರಡು ವಾರ ಕೊಟ್ಟು ನೋಡಿದರು. ಎರಡೂ ಕಡೆ ನೂರಕ್ಕೆ ಸುಮಾರು 91 ಜನ ವಾಸಿಯಾದರು. 2019ರಲ್ಲಿ ಬಂದ ಬ್ರಿಟನ್ನಿನ ಅಧ್ಯಯನ 1,054 ಜನರ ಮೂಳೆ ಹಾಗೂ ಕೀಲಿನ ಸೋಂಕುಗಳನ್ನು ನೋಡಿ, ಸೂಜಿಯ ಔಷಧಿಯ ಬದಲು ಮಾತ್ರೆ ಕೊಟ್ಟರೂ ಫಲ ಕಮ್ಮಿಯಾಗುವುದಿಲ್ಲ ಅಂತ ತೋರಿಸಿತು. ನನಗೆ ಎರಡು ವಾರ ತೋಳಿನ ರಕ್ತನಾಳದಲ್ಲಿ ಉದ್ದ ಕೊಳವೆ ಹಾಕಿ ಔಷಧಿ ಕೊಟ್ಟು, ಆಮೇಲೆ ಮಾತ್ರೆಗೆ ಬದಲಾಯಿಸಿದರು. ಜೊತೆಗೆ ಕೊಟ್ಟ ರಿಫಾಂಪಿಸಿನ್ ಅನ್ನುವ ಆ್ಯಂಟಿಬಯಾಟಿಕ್ಕಿನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಯಾರೂ ಮೊದಲೇ ಹೇಳಿರಲಿಲ್ಲ, ಹೆದರಿ ಬೆಲ್ ಒತ್ತಿದ್ದೆ. ನರ್ಸ್ ಬಂದು ನಕ್ಕರು.

ಒಂದು ವಿಷಯ ಮಾತ್ರ ಹೇಳಲೇಬೇಕು. ಚಿಕಿತ್ಸೆಯ ಐದನೇ ವಾರ ಇನ್ನೊಂದು ಎಂಆರ್‌ಐ ಮಾಡಿದಾಗ ಚಿತ್ರ ಮೊದಲಿಗಿಂತ ಕೆಟ್ಟದಾಗಿ ಕಂಡಿತು. ಆ ಹೊತ್ತಿಗೆ ನಾನು ಮಲಗಿ ನಿದ್ದೆ ಮಾಡುತ್ತಿದ್ದೆ, ಸಿಆರ್‌ಪಿ ಇಳಿದಿತ್ತು. ರಿಪೋರ್ಟ್ ಓದಿ ಅಕ್ಕ ಅತ್ತಳು. ಮನುಷ್ಯ ಸುಧಾರಿಸಿಕೊಂಡ ಎಷ್ಟೋ ದಿನದ ಮೇಲೂ ಚಿತ್ರ ಹಾಗೇ ಇರುತ್ತದಂತೆ, ಅದಕ್ಕೇ ಗುಣವಾಗುತ್ತಿರುವವರಿಗೆ ಸುಮ್ಮನೆ ಮತ್ತೆ ಮತ್ತೆ ಸ್ಕ್ಯಾನ್ ಬೇಡ ಅಂತ ಆ 2015ರ ಮಾರ್ಗಸೂಚಿಯೇ ಹೇಳುತ್ತದೆ. ಮೊದಲು ಬೇಕಾದಾಗ ಯಾರೂ ಮಾಡಲಿಲ್ಲ, ಆಮೇಲೆ ಬೇಡದಾಗ ಮಾಡಿದರು!

ನನಗೆ ಆಗದೇ ಉಳಿದದ್ದು ಒಂದಿದೆ. ಕೀವು ಬೆನ್ನುಹುರಿಯ ಸುತ್ತ ಸೇರಿಕೊಂಡರೆ ಅದನ್ನು ಎಪಿಡ್ಯೂರಲ್ ಆಬ್ಸೆಸ್ ಅನ್ನುತ್ತಾರೆ. 1948ರಲ್ಲೇ ವೈದ್ಯರೊಬ್ಬರು ಅದರ ನಾಲ್ಕು ಹಂತ ಬರೆದಿಟ್ಟಿದ್ದಾರೆ. ಮೊದಲು ಬೆನ್ನು ನೋವು. ಆಮೇಲೆ ನರದ ಹಾದಿಯಲ್ಲಿ ಸೆಳೆತ. ಆಮೇಲೆ ಕಾಲು ಬಲಹೀನ ಆಗುವುದು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು. ಕೊನೆಗೆ ಕಾಲುಗಳ ಸ್ವಾಧೀನವೇ ತಪ್ಪುವುದು. ಮೊದಲ ಹಂತದಲ್ಲಿ ವಾರಗಟ್ಟಲೆ ಕೂತಿರಬಹುದು, ಮೂರರಿಂದ ನಾಲ್ಕಕ್ಕೆ ಹೋಗಲು ಗಂಟೆಗಳು ಸಾಕು, ಹೋಗಿ ಒಂದೆರಡು ದಿನ ಕಳೆದರೆ ಕಾಲು ವಾಪಸ್ ಬರುವ ಆಸೆ ಕಮ್ಮಿ. ಹಾಗಾಗಿ ಇದನ್ನು ಓದುತ್ತಿರುವ ಬೆನ್ನು ನೋವಿನವರೇ, ಕಾಲು ಸೋಲುತ್ತಿದ್ದರೆ, ಕೂರುವ ಜಾಗ ಜೋಮು ಹಿಡಿದ ಹಾಗಿದ್ದರೆ, ಮೂತ್ರ ಬರುತ್ತಿಲ್ಲ ಅಥವಾ ಗೊತ್ತಾಗದೆ ಹೋಗುತ್ತಿದೆ ಅಂದರೆ ನಾಳೆ ಬೆಳಗ್ಗೆ ಅನ್ನಬೇಡಿ, ರಾತ್ರಿಯೇ ತುರ್ತು ಚಿಕಿತ್ಸೆಗೆ ಹೋಗಿ.

ಮಾರ್ಗಸೂಚಿ ಬರೆಯುವವರಿಗೆ ಎರಡು ಮಾತು. ನಿಮ್ಮ ಅಪಾಯದ ಗುರುತುಗಳ ಪಟ್ಟಿಯಲ್ಲಿ ಜ್ವರ ಇದೆ, ಸಕ್ಕರೆ ಕಾಯಿಲೆ ಇದೆ, ಮಾದಕ ವಸ್ತು ಇದೆ. 'ಅದೇ ನೋವಿಗೆ ಎರಡನೇ ಸಲ ಬಂದಿದ್ದಾರೆ, ಕಮ್ಮಿಯಾಗುವ ಬದಲು ಜಾಸ್ತಿಯಾಗಿದೆ' ಅನ್ನುವುದನ್ನೂ ಒಂದು ಗುರುತಾಗಿ, ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಬರೆಯಿರಿ. ಅದರ ಎದುರಿಗೆ ಇಎಸ್‌ಆರ್, ಸಿಆರ್‌ಪಿ ಅಂತ ಬರೆಯಿರಿ. ಈ ಸೋಂಕು ಪತ್ತೆಯಾಗಲು ಸರಾಸರಿ ಎರಡರಿಂದ ನಾಲ್ಕು ತಿಂಗಳು ಹಿಡಿಯುತ್ತದೆ ಅಂತ ತಜ್ಞರೇ ಬರೆದಿದ್ದಾರೆ, ಆ ಲೆಕ್ಕದಲ್ಲಿ ನನ್ನ ಏಳು ವಾರ ಬೇಗವೇ ಆಯಿತು ಅಂತ ಖುಷಿಪಡಬೇಕೇನೋ.

ವೈದ್ಯರೇ, ನಿಮಗೆ ಇನ್ನೊಂದೇ ಕೋರಿಕೆ. ಮೊದಲ ದಿನ ಫೈಲಿನಲ್ಲಿ ಕಾಯಿಲೆಗೆ ಒಂದು ಹೆಸರು ಇಡಲೇಬೇಕು ಅಂತಿಲ್ಲವಲ್ಲ. 'ಬೆನ್ನು ನೋವು, ಕಾರಣ ಸದ್ಯಕ್ಕೆ ಗೊತ್ತಿಲ್ಲ, ಎರಡು ವಾರದಲ್ಲಿ ಕಮ್ಮಿಯಾಗದಿದ್ದರೆ ರಕ್ತ ಪರೀಕ್ಷೆ' ಅಂತ ಬರೆದರೆ ನಿಮ್ಮ ಮರ್ಯಾದೆಗೇನೂ ಕಮ್ಮಿಯಾಗಲ್ಲ. ಮುಂದೆ ಓದುವವರು ಯೋಚನೆ ಮಾಡುತ್ತಾರೆ.

ಈಗ ಹದಿನಾಲ್ಕು ತಿಂಗಳಾಯಿತು. ಆ ಎರಡು ಮಣಿಗಳು ತಾವಾಗೇ ಕೂಡಿಕೊಂಡು ಒಂದೇ ಆಗಿವೆ, ಹಾಗಾಗುವುದು ಸಾಮಾನ್ಯವಂತೆ. ಶೂ ಲೇಸು ಕಟ್ಟುವಾಗ ಕಾಲನ್ನೇ ಮೇಲಕ್ಕೆ ತಗೊಳ್ಳುತ್ತೇನೆ. ನಿಧಾನವಾಗಿ ಓಡುತ್ತೇನೆ.

ಹೋದ ತಿಂಗಳು ಮೊದಲು ನೋಡಿದ್ದ ವೈದ್ಯರ ಹತ್ತಿರ ಹೋಗಿದ್ದೆ, ಜಗಳಕ್ಕಲ್ಲ, ಗೊತ್ತಿರಲಿ ಅಂತ. ಎಂಆರ್‌ಐ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತಮ್ಮದೇ ಅಕ್ಷರದಲ್ಲಿದ್ದ ಹಳೆಯ ಹಾಳೆಯನ್ನೂ ತೆಗೆದು ಓದಿದರು. ಕ್ಷಮಿಸಿ ಅಂತಲೋ ಏನೋ ಹೇಳುತ್ತಾರೆ ಅಂದುಕೊಂಡೆ. ಅವರು ಪೆನ್ನಿನ ಮುಚ್ಚಳ ತೆಗೆದು, 'ಕುರು ಆಗಿತ್ತು ಅಂದ್ರಲ್ಲ, ನನ್ನ ಹತ್ತಿರ ಬರೋಕೆ ಎಷ್ಟು ದಿನ ಮೊದಲು?' ಅಂತ ಕೇಳಿದರು. ಹೇಳಿದೆ. ಬರೆದುಕೊಂಡರು.

ಇಂತಿ,
ನಿಮ್ಮ ಹಳೆಯ 'ಮೆಕ್ಯಾನಿಕಲ್ ಬೆನ್ನು ನೋವು'